ಮಾತ್ರೆ ಒಂದೇ, ಮೈ ಬೇರೆ ಬೇರೆ

(ಮಹಿಳಾ ಸಂಘವೊಂದರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರ್ ಬಗ್ಗೆ ಮಾತಾಡಿ ಎಂದು ಕರೆದಾಗಲೆಲ್ಲ ನಾವು ವೈದ್ಯರು ಗಂಟು ನೋಡಿಕೊಳ್ಳುವುದು ಹೇಗೆ, ಮ್ಯಾಮೊಗ್ರಾಂ ಯಾವಾಗ ಮಾಡಿಸಬೇಕು ಅಂತ ಹೇಳಿ ಇಳಿದುಬಿಡುತ್ತೇವೆ. ಅದು ಬೇಕಾದದ್ದೇ. ಆದರೆ ಇವತ್ತು ಅದನ್ನು ಪಕ್ಕಕ್ಕಿಟ್ಟು ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಆಪರೇಷನ್ ಆಯಿತು, ಕೀಮೋ ಆಯಿತು, ಕರೆಂಟು ಕೊಡುವುದೂ ಮುಗಿಯಿತು. ಮನೆಯವರೆಲ್ಲ ಉಸ್ಸಪ್ಪಾ ಎನ್ನುವ ಹೊತ್ತಿಗೆ ಡಾಕ್ಟರು ಒಂದು ಸಣ್ಣ ಮಾತ್ರೆ ಬರೆದುಕೊಟ್ಟು, "ಇದನ್ನು ದಿನಾ ಒಂದು ತಗೊಳ್ಳಿ, ಐದು ವರ್ಷ" ಎನ್ನುತ್ತಾರಲ್ಲ, ಆ ಮಾತ್ರೆಯ ಕಥೆ ಇದು. ಹೆಚ್ಚಾಗಿ ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನನ್ನು ತಡೆಯುವ ಔಷಧಿಗಳ ಕಥೆ.

ಶುರು ಮಾಡಬೇಕಾದದ್ದು ದನ, ಕುರಿಗಳಿಂದ. 19ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾರ್ಜ್ ಬೀಟ್ಸನ್ ಎಂಬ ಸರ್ಜನ್ ಇದ್ದರು. ಹುಟ್ಟಿದ್ದು ನಮ್ಮ ಪಕ್ಕದ ಶ್ರೀಲಂಕಾದ ಟ್ರಿಂಕೋಮಲಿಯಲ್ಲಿ. ಓದುವಾಗ ಹಳ್ಳಿಗಾಡಿನಲ್ಲಿದ್ದು, ಕುರಿಗಳಿಗೆ ಹಾಲು ಬರುವುದು ಹೇಗೆ, ನಿಲ್ಲುವುದು ಹೇಗೆ ಎಂಬುದರ ಮೇಲೆ ಪ್ರಬಂಧ ಬರೆದಿದ್ದರು. ಕೆಲವು ಕಡೆ ರೈತರು ಹಸುವಿನ ಅಂಡಾಶಯ ತೆಗೆಸಿಬಿಟ್ಟರೆ ಅದು ಹೆಚ್ಚು ಕಾಲ ಹಾಲು ಕೊಡುತ್ತದೆ ಎಂದು ಅವರಿಗೆ ತಿಳಿದುಬಂತು. ಅಂದರೆ ಎಲ್ಲೋ ಹೊಟ್ಟೆಯೊಳಗಿರುವ ಅಂಡಾಶಯಕ್ಕೂ ಎದೆಗೂ ಏನೋ ಸಂಬಂಧ ಇದೆ. ನರದ ಮೂಲಕವೋ, ರಕ್ತದ ಮೂಲಕವೋ ಆಗ ಯಾರಿಗೂ ಗೊತ್ತಿಲ್ಲ. ಹಾರ್ಮೋನ್ ಎಂಬ ಪದ ಹುಟ್ಟಿದ್ದೇ 1905ರಲ್ಲಿ.

1895ರಲ್ಲಿ 33 ವರ್ಷದ ಹೆಣ್ಣುಮಗಳೊಬ್ಬರು ಬೀಟ್ಸನ್ ಹತ್ತಿರ ಬಂದರು. ಎರಡು ಮಕ್ಕಳ ತಾಯಿ. ಒಂದು ಸ್ತನ ತೆಗೆದಾಗಿತ್ತು, ರೋಗ ಎದೆಯ ಮೇಲೆ ಮತ್ತೆ ಹಬ್ಬಿತ್ತು. ಇನ್ನು ಮಾಡುವುದಕ್ಕೆ ಏನೂ ಇರಲಿಲ್ಲ. ಬೀಟ್ಸನ್ ಆಕೆಯ ಎರಡೂ ಅಂಡಾಶಯ ತೆಗೆದರು. ಕೆಲವು ತಿಂಗಳಲ್ಲಿ ಎದೆಯ ಮೇಲಿನ ಗಡ್ಡೆಗಳು ಕರಗಿಹೋದವು. ರೋಗ ಮತ್ತೆ ಬಂತು, ನಿಜ. ಆದರೆ ಆಕೆ ಸುಮಾರು ನಾಲ್ಕು ವರ್ಷ ಬದುಕಿದರು. 1896ರಲ್ಲಿ ಬೀಟ್ಸನ್ ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಬೇರೆ ಸರ್ಜನ್‌ಗಳೂ ಮಾಡಿ ನೋಡಿದರು. ಸುಮಾರು ಮೂವರಲ್ಲಿ ಒಬ್ಬರಿಗೆ ಗುಣ ಕಂಡಿತು, ಉಳಿದ ಇಬ್ಬರಿಗೆ ಏನೂ ಇಲ್ಲ.

ಈ ಮೂವರಲ್ಲಿ ಒಬ್ಬರು ಯಾರು ಅನ್ನುವ ಪ್ರಶ್ನೆಗೆ ಉತ್ತರ ಸಿಗಲು ಅರವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಶಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್, 1950ರ ದಶಕದ ಕೊನೆಯಿಂದ ಕೆಲಸ ಮಾಡಿ, ಈಸ್ಟ್ರೊಜೆನ್ ಹೋಗಿ ಕೂರುವ ಜಾಗ ಕೆಲವು ಜೀವಕೋಶಗಳಲ್ಲಿ ಮಾತ್ರ ಇರುತ್ತದೆ ಎಂದು ತೋರಿಸಿದರು. ಅದಕ್ಕೆ ರಿಸೆಪ್ಟರ್ ಎಂದು ಹೆಸರು. ಕೆಲವರ ಕ್ಯಾನ್ಸರ್ ಗಡ್ಡೆಯಲ್ಲಿ ಈ ರಿಸೆಪ್ಟರ್ ತುಂಬಿರುತ್ತದೆ. ಅಂಥ ಗಡ್ಡೆಗೆ ಈಸ್ಟ್ರೊಜೆನ್ ಸಿಕ್ಕರೆ ಬೆಳೆಯುತ್ತದೆ, ಸಿಗದಿದ್ದರೆ ಸೊರಗುತ್ತದೆ. ಇನ್ನು ಕೆಲವರ ಗಡ್ಡೆಯಲ್ಲಿ ಅದು ಇರುವುದೇ ಇಲ್ಲ. ಅವರ ಅಂಡಾಶಯ ತೆಗೆದು ಏನು ಪ್ರಯೋಜನ? ಸುಮ್ನೆ ಒಂದು ಆಪರೇಷನ್ ಅಷ್ಟೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಬಯಾಪ್ಸಿ ರಿಪೋರ್ಟ್ ತೆಗೆದು ನೋಡಿ. ಗಡ್ಡೆಯ ಅಳತೆ, ಗ್ರೇಡ್ ಎಲ್ಲ ಬರೆದ ಮೇಲೆ ಕೆಳಗೆ ಮೂರು ಸಾಲು ಇರುತ್ತದೆ. ಇಆರ್, ಪಿಆರ್, ಹರ್-2. ಇಆರ್ ಎಂದರೆ ಈಸ್ಟ್ರೊಜೆನ್ ರಿಸೆಪ್ಟರ್, ಪಿಆರ್ ಎಂದರೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನಿನ ರಿಸೆಪ್ಟರ್. ಹರ್-2 ಎಂದರೆ ಗಡ್ಡೆ ಬೆಳೆಯಲು ನೆರವಾಗುವ ಒಂದು ಪ್ರೋಟೀನ್. ಪಕ್ಕದಲ್ಲಿ ಪಾಸಿಟಿವ್ ಅಥವಾ ನೆಗೆಟಿವ್, ಎಷ್ಟು ಪರ್ಸೆಂಟ್ ಜೀವಕೋಶಗಳಲ್ಲಿ ಕಂಡಿತು, ಬಣ್ಣ ಎಷ್ಟು ಗಾಢವಾಗಿ ಹಿಡಿಯಿತು ಎಂದೆಲ್ಲ ಬರೆದಿರುತ್ತಾರೆ. ಪಾಸಿಟಿವ್ ಅಂದ ತಕ್ಷಣ ಜನ ಹೆದರುತ್ತಾರೆ. ಕೊರೊನಾ ಕಾಲದಲ್ಲಿ ಕೇಳಿ ಕೇಳಿ ಹಾಗಾಗಿದೆ. ಇಲ್ಲಿ ಇಆರ್ ಪಾಸಿಟಿವ್ ಎಂದರೆ ಒಳ್ಳೆಯ ಸುದ್ದಿಯೇ. ಚಿಕಿತ್ಸೆಗೆ ಇನ್ನೊಂದು ದಾರಿ ಇದೆ ಎಂದರ್ಥ. ಮೂರೂ ನೆಗೆಟಿವ್ ಇದ್ದರೆ, ಅದನ್ನೇ ಟ್ರಿಪಲ್ ನೆಗೆಟಿವ್ ಎನ್ನುವುದು, ಅವರಿಗೆ ಹಾರ್ಮೋನ್ ತಡೆಯುವ ಮಾತ್ರೆ ಕೆಲಸಕ್ಕೆ ಬರುವುದಿಲ್ಲ. ಪಕ್ಕದ ಮನೆಯವರು ತಗೊಳ್ಳುತ್ತಿದ್ದಾರೆ, ನನಗೇಕೆ ಕೊಡಲಿಲ್ಲ ಎಂದು ಬೇಜಾರು ಮಾಡಿಕೊಳ್ಳುವವರಿಗೆ ಈ ಮೂರು ಸಾಲು ತೋರಿಸಿಯೇ ಹೇಳಬೇಕಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಮುಕ್ಕಾಲು ಪಾಲು ಸ್ತನ ಕ್ಯಾನ್ಸರ್ ಇಆರ್ ಪಾಸಿಟಿವ್. ನಮ್ಮಲ್ಲಿ ಆ ಪ್ರಮಾಣ ಸ್ವಲ್ಪ ಕಡಿಮೆ, ಆದರೂ ಅರ್ಧಕ್ಕಿಂತ ಜಾಸ್ತಿ.

ಈಗ ಮಾತ್ರೆಗೆ ಬರೋಣ. ಟ್ಯಾಮಾಕ್ಸಿಫೆನ್. ಇದನ್ನು ಮೊದಲು ತಯಾರಿಸಿದ್ದು 1962ರಲ್ಲಿ, ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ, ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ. ಆರ್ಥರ್ ವಾಲ್ಪೋಲ್ ಎಂಬವರ ತಂಡ. ಅವರಿಗೆ ಬೇಕಾಗಿದ್ದದ್ದು ಕ್ಯಾನ್ಸರ್ ಔಷಧಿಯಲ್ಲ. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ. ಇಲಿಗಳಿಗೆ ಕೊಟ್ಟರು, ಅದ್ಭುತವಾಗಿ ಕೆಲಸ ಮಾಡಿತು. ಹೆಂಗಸರಿಗೆ ಕೊಟ್ಟು ನೋಡಿದರೆ ಪೂರ್ತಿ ಉಲ್ಟಾ! ಅಂಡ ಬಿಡುಗಡೆಯಾಗುವುದು ಜಾಸ್ತಿಯಾಯಿತು. ಗರ್ಭ ತಡೆಯಲು ಮಾಡಿದ ಮಾತ್ರೆ ಗರ್ಭ ನಿಲ್ಲಲು ಸಹಾಯ ಮಾಡುವಂತಾಯಿತು.

ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಆದರೆ ವಾಲ್ಪೋಲ್ ಅವರಿಗೆ ಕ್ಯಾನ್ಸರ್ ಮೇಲೂ ಆಸಕ್ತಿ ಇತ್ತು. ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಮೇರಿ ಕೋಲ್ ಎಂಬ ವೈದ್ಯೆ ಮತ್ತವರ ಜೊತೆಗಾರರು ರೋಗ ತುಂಬ ಮುಂದುವರಿದಿದ್ದ 46 ಹೆಂಗಸರಿಗೆ ಇದನ್ನು ಕೊಟ್ಟು, 1971ರಲ್ಲಿ ಫಲಿತಾಂಶ ಪ್ರಕಟಿಸಿದರು. 10 ಮಂದಿಯಲ್ಲಿ ಒಳ್ಳೆಯ ಗುಣ ಕಂಡಿತು. ಆಗ ಬಳಕೆಯಲ್ಲಿದ್ದ ಬೇರೆ ಹಾರ್ಮೋನುಗಳ ಫಲಿತಾಂಶವೂ ಹೆಚ್ಚು ಕಡಿಮೆ ಹಾಗೇ ಇತ್ತು. ಆದರೆ ಇದರಲ್ಲಿ ಕಾಟ ಬಹಳ ಕಡಿಮೆ. ಇದರಿಂದ ಲಾಭ ಹುಟ್ಟುವುದಿಲ್ಲ ಎಂದು ಕಂಪನಿಯೊಳಗೇ ಹಿಂಜರಿಕೆ ಇತ್ತಂತೆ. ಹೇಗೋ 1973ರಲ್ಲಿ ಬ್ರಿಟನ್ನಿನಲ್ಲಿ, 1977ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮುಂದೆ ಈ ಮಾತ್ರೆಯನ್ನು ಮೇಲೆತ್ತಿದವರು ಕ್ರೇಗ್ ಜಾರ್ಡನ್ ಎಂಬ ಔಷಧ ವಿಜ್ಞಾನಿ. ರಿಸೆಪ್ಟರ್ ಇರುವ ಗಡ್ಡೆಗೆ ಗುರಿಯಿಟ್ಟು ಕೊಡಬೇಕು, ವರ್ಷಗಟ್ಟಲೆ ಕೊಡಬೇಕು, ಕ್ಯಾನ್ಸರ್ ಬಾರದಂತೆ ತಡೆಯಲೂ ಬಹುದು ಎಂಬುದಕ್ಕೆ ಪ್ರಯೋಗಾಲಯದಲ್ಲಿ ಬುನಾದಿ ಹಾಕಿದವರು ಅವರೇ. 2024ರಲ್ಲಿ ತೀರಿಕೊಂಡರು.

ನನಗೆ ಇಷ್ಟವಾಗುವ ಒಂದು ಅಡ್ಡಕಥೆ ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲೆಂಡಿನವರು ಸೋತ ಕೆಲಸವನ್ನು ನಮ್ಮವರು ಮಾಡಿ ತೋರಿಸಿದರು. ಇದೇ ಜಾತಿಯ ಇನ್ನೊಂದು ಔಷಧಿಯನ್ನು ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಡಾ. ನಿತ್ಯಾನಂದ್ ಅವರ ನೇತೃತ್ವದಲ್ಲಿ ಕಂಡುಹಿಡಿದರು. ಸೆಂಟ್‌ಕ್ರೋಮನ್ ಎಂದು ಹೆಸರು. 1991ರಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು ನುಂಗುವ ಗರ್ಭನಿರೋಧಕ ಮಾತ್ರೆ. ಈಗ ಆಶಾ ಕಾರ್ಯಕರ್ತೆಯರು ಹಂಚುವ "ಛಾಯಾ" ಮಾತ್ರೆ ಅದೇ. ಟ್ಯಾಮಾಕ್ಸಿಫೆನ್ ಬದಲು ಛಾಯಾ ನುಂಗಬಹುದಾ ಎಂದು ದಯವಿಟ್ಟು ಕೇಳಬೇಡಿ. ಖಂಡಿತ ಇಲ್ಲ. ಜಾತಿ ಒಂದೇ ಆದರೂ ಕೆಲಸ ಬೇರೆ.

ಹಾಗಾದರೆ ಟ್ಯಾಮಾಕ್ಸಿಫೆನ್ ಮಾಡುವುದೇನು? ಜಾತ್ರೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬರುವಷ್ಟರಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ಟವೆಲ್ ಅಲ್ಲಿ ಬಿದ್ದಿರುವಷ್ಟು ಹೊತ್ತು ಇನ್ನೊಬ್ಬರು ಕೂರುವಂತಿಲ್ಲ. ಟ್ಯಾಮಾಕ್ಸಿಫೆನ್ ಹೋಗಿ ರಿಸೆಪ್ಟರ್ ಮೇಲೆ ಬಿದ್ದುಕೊಂಡಿರುತ್ತದೆ. ಮೈಯಲ್ಲಿ ಈಸ್ಟ್ರೊಜೆನ್ ಎಷ್ಟೇ ಓಡಾಡುತ್ತಿರಲಿ, ಕೂರಲು ಜಾಗ ಸಿಗುವುದಿಲ್ಲ. ನೆನಪಿಡಿ, ಅದು ಈಸ್ಟ್ರೊಜೆನ್ ತಯಾರಾಗುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೇ ಮುಟ್ಟು ನಿಲ್ಲದ ಹೆಂಗಸರಿಗೂ, ನಿಂತವರಿಗೂ, ಗಂಡಸರಿಗೂ ಇದನ್ನು ಕೊಡಬಹುದು. ಹೌದು, ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ನೂರಕ್ಕೆ ಒಂದರಷ್ಟು. ಬಂದರೆ ಹೆಚ್ಚಿನವು ಇಆರ್ ಪಾಸಿಟಿವ್, ಅವರಿಗೂ ಇದೇ ಮಾತ್ರೆ.

ವಿಚಿತ್ರ ಏನೆಂದರೆ, ಈ ಮಾತ್ರೆ ಮೈಯಲ್ಲಿ ಎಲ್ಲ ಕಡೆ ಒಂದೇ ಥರ ನಡೆದುಕೊಳ್ಳುವುದಿಲ್ಲ. ಎದೆಯಲ್ಲಿ ಈಸ್ಟ್ರೊಜೆನ್‌ಗೆ ಅಡ್ಡ ನಿಲ್ಲುತ್ತದೆ. ಗರ್ಭಕೋಶದ ಒಳಪದರದಲ್ಲಿ ತಾನೇ ಈಸ್ಟ್ರೊಜೆನ್ ಥರ ವರ್ತಿಸುತ್ತದೆ. ಮುಟ್ಟು ನಿಂತವರ ಮೂಳೆಯಲ್ಲೂ ಹಾಗೇ. ಮೂಳೆಗೆ ಅದು ಒಳ್ಳೆಯದು, ಸವೆತ ಕಡಿಮೆ. ಗರ್ಭಕೋಶಕ್ಕೆ ಅಷ್ಟು ಒಳ್ಳೆಯದಲ್ಲ. ಒಳಪದರ ದಪ್ಪವಾಗಬಹುದು, ಅಪರೂಪಕ್ಕೆ ಅಲ್ಲಿ ಕ್ಯಾನ್ಸರೂ ಬರಬಹುದು. ಇಲಿಯಲ್ಲೊಂದು ಹೆಂಗಸರಲ್ಲೊಂದು, ಎದೆಯಲ್ಲೊಂದು ಗರ್ಭಕೋಶದಲ್ಲೊಂದು. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಇಲ್ಲೇ ಇದೆ. ಈ ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ಬರುವುದಿಲ್ಲ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವುದಕ್ಕೋಸ್ಕರ ಎಂದು ಕೇಳಿದರೆ ಹೇಳಬಹುದು.

ಮೊದಲು ಕಾಯಿಲೆ ಬಂದವರ ಲೆಕ್ಕ ನೋಡೋಣ. ಆಕ್ಸ್‌ಫರ್ಡಿನ ತಂಡವೊಂದು ಜಗತ್ತಿನ ಎಲ್ಲ ದೊಡ್ಡ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದೆ. ಇಆರ್ ಪಾಸಿಟಿವ್ ಇರುವವರು ಐದು ವರ್ಷ ಟ್ಯಾಮಾಕ್ಸಿಫೆನ್ ತೆಗೆದುಕೊಂಡರೆ, ಆ ಐದು ವರ್ಷದಲ್ಲಿ ರೋಗ ಮರಳಿ ಬರುವುದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಅದರ ಫಲ ಮುಂದುವರಿಯುತ್ತದೆ. ಹದಿನೈದು ವರ್ಷದ ಲೆಕ್ಕದಲ್ಲಿ ಈ ರೋಗದಿಂದ ಸಾಯುವವರು ಸುಮಾರು ಮೂರನೇ ಒಂದು ಪಾಲು ಕಡಿಮೆ. ಒಂದು ಮಾತ್ರೆಗೆ ಕೆಲವೇ ರೂಪಾಯಿ ಬೆಲೆ ಇರುವ ಔಷಧಿ ಇದು! ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಜೀವ ಉಳಿಸುವ ಇನ್ನೊಂದು ವಸ್ತು ಹುಡುಕಿ ನೋಡಿ. ಸಿಗುವುದು ಕಷ್ಟ.

ಐದು ವರ್ಷವೇ ಯಾಕೆ? ಈ ಜಾತಿಯ ಕ್ಯಾನ್ಸರ್ ತುಂಬ ತಾಳ್ಮೆಯದ್ದು. ಟ್ರಿಪಲ್ ನೆಗೆಟಿವ್ ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ ಮೂರ್ನಾಲ್ಕು ವರ್ಷದಲ್ಲೇ ಬರುತ್ತದೆ. ಇಆರ್ ಪಾಸಿಟಿವ್ ಹಾಗಲ್ಲ, ಹತ್ತು, ಹದಿನೈದು, ಇಪ್ಪತ್ತು ವರ್ಷ ಆದ ಮೇಲೂ ಬರಬಹುದು. ಅದಕ್ಕೇ ಅಟ್ಲಾಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಐದು ವರ್ಷಕ್ಕೆ ನಿಲ್ಲಿಸಿದವರನ್ನೂ ಹತ್ತು ವರ್ಷ ಮುಂದುವರಿಸಿದವರನ್ನೂ ಹೋಲಿಸಿ ನೋಡಿದರು. 2012ರಲ್ಲಿ ಫಲಿತಾಂಶ ಬಂತು. ಹತ್ತು ವರ್ಷ ತೆಗೆದುಕೊಂಡವರಲ್ಲಿ ರೋಗ ಮರಳುವುದು ಇನ್ನಷ್ಟು ಕಡಿಮೆ. ಹಾಗಂತ ಎಲ್ಲರಿಗೂ ಹತ್ತು ವರ್ಷ ಬೇಕಿಲ್ಲ. ಕಂಕುಳಿನ ಗ್ರಂಥಿಗಳಿಗೆ ರೋಗ ಹಬ್ಬಿತ್ತಾ, ಗಡ್ಡೆ ಎಷ್ಟು ದೊಡ್ಡದಿತ್ತು, ಮಾತ್ರೆ ಮೈಗೆ ಒಗ್ಗಿದೆಯಾ ಎಂದೆಲ್ಲ ನೋಡಿ ತೀರ್ಮಾನ ಮಾಡುತ್ತಾರೆ.

ಇನ್ನೊಂದು ಗುಂಪಿನ ಮಾತ್ರೆಗಳಿವೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್. ಇವು ರಿಸೆಪ್ಟರ್ ತಂಟೆಗೆ ಹೋಗುವುದಿಲ್ಲ, ಈಸ್ಟ್ರೊಜೆನ್ ತಯಾರಾಗುವುದನ್ನೇ ತಡೆಯುತ್ತವೆ. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾಗುತ್ತದೆ, ಆದರೂ ಮೈಯಲ್ಲಿ ಸ್ವಲ್ಪ ಈಸ್ಟ್ರೊಜೆನ್ ಇದ್ದೇ ಇರುತ್ತದೆ. ಎಲ್ಲಿಂದ? ಮೈಯ ಕೊಬ್ಬಿನಲ್ಲಿ, ಮಾಂಸಖಂಡದಲ್ಲಿ ಅರೊಮಟೇಸ್ ಎಂಬ ಕಿಣ್ವ ಬೇರೆ ಹಾರ್ಮೋನುಗಳನ್ನು ಈಸ್ಟ್ರೊಜೆನ್ ಆಗಿ ಮಾರ್ಪಡಿಸುತ್ತಿರುತ್ತದೆ. ಲೆಟ್ರೊಜೋಲ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಮುಟ್ಟು ನಿಂತವರಲ್ಲಿ ಇವು ಟ್ಯಾಮಾಕ್ಸಿಫೆನ್‌ಗಿಂತ ಒಂದು ಕೈ ಮೇಲು. ಗರ್ಭಕೋಶದ ತೊಂದರೆ ಇಲ್ಲ, ರಕ್ತ ಹೆಪ್ಪುಗಟ್ಟುವ ಭಯವೂ ಕಡಿಮೆ. ಆದರೆ ಮೂಳೆ ಸವೆಯುತ್ತದೆ, ಕೀಲು ಹಿಡಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಇದೆ, ನಮ್ಮ ಕಡೆಯವರು ಇದನ್ನು ಗಮನವಿಟ್ಟು ಕೇಳಬೇಕು. ಮುಟ್ಟು ಇನ್ನೂ ಆಗುತ್ತಿರುವವರಿಗೆ ಲೆಟ್ರೊಜೋಲ್ ಒಂದನ್ನೇ ಕೊಟ್ಟರೆ ಕೆಲಸ ಕೆಡುತ್ತದೆ. ಈಸ್ಟ್ರೊಜೆನ್ ಕಡಿಮೆಯಾಯಿತು ಎಂದು ಮಿದುಳಿಗೆ ಗೊತ್ತಾಗಿ ಅದು ಅಂಡಾಶಯವನ್ನು ಇನ್ನೂ ಜೋರಾಗಿ ದುಡಿಸುತ್ತದೆ. ಮಕ್ಕಳಾಗದವರಿಗೆ ಇದೇ ಲೆಟ್ರೊಜೋಲ್ ಕೊಡುವುದು ಇದೇ ಕಾರಣಕ್ಕೆ. 2011ರಲ್ಲಿ ನಮ್ಮ ದೇಶದಲ್ಲಿ ಆ ಬಳಕೆಯನ್ನು ನಿಷೇಧಿಸಿದ್ದರು, ಕೆಲವು ವರ್ಷಗಳ ಮೇಲೆ ನಿಷೇಧ ತೆಗೆದರು. ಅದಿರಲಿ. ನಮ್ಮ ಹಳ್ಳಿಗಳಲ್ಲಿ ನಲವತ್ತಕ್ಕೆ ಮುಂಚೆಯೇ ಗರ್ಭಕೋಶ ತೆಗೆಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಬಿಳಿಸೆರಗು ಎಂದು ಹೋದವರಿಗೆ, ಹೊಟ್ಟೆನೋವು ಎಂದು ಹೋದವರಿಗೆ ತೆಗೆದುಬಿಟ್ಟಿರುತ್ತಾರೆ. ಅವರನ್ನು ಮುಟ್ಟು ನಿಂತಿದೆಯಾ ಎಂದು ಕೇಳಿದರೆ, "ಹೂಂ, ನಿಂತು ಎಂಟು ವರ್ಷ ಆಯ್ತು" ಎನ್ನುತ್ತಾರೆ. ಸುಳ್ಳಲ್ಲ. ಆದರೆ ಅಂಡಾಶಯ ಒಳಗೇ ಇದ್ದರೆ ಅದು ಕೆಲಸ ಮಾಡುತ್ತಲೇ ಇರುತ್ತದೆ. ಕೀಮೋ ಆದ ಮೇಲೆ ಮುಟ್ಟು ನಿಂತವರದ್ದೂ ಇದೇ ಕಥೆ, ಕೆಲವು ತಿಂಗಳಾದ ಮೇಲೆ ಅಂಡಾಶಯ ಮತ್ತೆ ಎಚ್ಚರವಾಗಬಹುದು. ಆದ್ದರಿಂದ ಡಾಕ್ಟರ ಹತ್ತಿರ ಹೋದಾಗ "ಗರ್ಭಕೋಶ ತೆಗೆದಿದ್ದಾರೆ, ಅಂಡಾಶಯ ತೆಗೆದಿದ್ದಾರಾ ಗೊತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಿ. ಹಳೆಯ ಡಿಸ್ಚಾರ್ಜ್ ಚೀಟಿ ಇದ್ದರೆ ತೋರಿಸಿ. ರಕ್ತ ಪರೀಕ್ಷೆ ಮಾಡಿ ನೋಡಬಹುದು.

ಇದು ನಮಗೆ ಜಾಸ್ತಿ ಮುಖ್ಯ ಏಕೆಂದರೆ, ನಮ್ಮ ದೇಶದಲ್ಲಿ ಈ ಕಾಯಿಲೆ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮುಂಚೆ ಬರುತ್ತದೆ. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ಕಿದ್ವಾಯಿ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಅಲ್ಲಿ ಹೆಂಗಸರ ಕ್ಯಾನ್ಸರ್‌ಗಳಲ್ಲಿ ಈಗ ಮೊದಲ ಸ್ಥಾನ ಸ್ತನ ಕ್ಯಾನ್ಸರ್‌ದೇ. ನಲವತ್ತು, ನಲವತ್ತೈದರ ಹೆಂಗಸರು, ಇನ್ನೂ ಮುಟ್ಟಾಗುತ್ತಿರುವವರು ಬಹಳ. ಅವರಿಗೆ ಟ್ಯಾಮಾಕ್ಸಿಫೆನ್ನೇ ಆಧಾರ. ರೋಗ ಜೋರಾಗಿದ್ದರೆ ಅಂಡಾಶಯವನ್ನು ಸುಮ್ಮನಾಗಿಸಿ, ಆಮೇಲೆ ಲೆಟ್ರೊಜೋಲ್ ಥರದ ಮಾತ್ರೆ ಕೊಡುತ್ತಾರೆ. ಸುಮ್ಮನಾಗಿಸಲು 28 ದಿನಕ್ಕೊಂದು ಇಂಜೆಕ್ಷನ್ ಇದೆ, ಗೋಸೆರೆಲಿನ್, ಹೊಟ್ಟೆಯ ಚರ್ಮದ ಕೆಳಗೆ ಚುಚ್ಚುತ್ತಾರೆ. ವರ್ಷಗಟ್ಟಲೆ ಅದನ್ನು ಕೊಳ್ಳಲು, ಪ್ರತಿ ತಿಂಗಳು ಬಸ್ಸು ಹತ್ತಿ ಬರಲು ಆಗದವರು, ಮಕ್ಕಳು ಸಾಕು ಎಂದು ತೀರ್ಮಾನಿಸಿದವರು, ಲ್ಯಾಪರೊಸ್ಕೋಪಿಯಲ್ಲಿ ಅಂಡಾಶಯ ತೆಗೆಸಿಕೊಳ್ಳುತ್ತಾರೆ. ನೂರಮೂವತ್ತು ವರ್ಷ ಕಳೆದರೂ ಬೀಟ್ಸನ್ ಮಾಡಿದ ಆಪರೇಷನ್ ಹಳತಾಗಿಲ್ಲ ನೋಡಿ.

ಇನ್ನು ಮಾತ್ರೆ ನುಂಗುವವರ ಕಷ್ಟ. ವೈದ್ಯರು ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ, ನಾನು ಹಾಗೆ ಮಾಡುವುದಿಲ್ಲ. ಹಲವು ದೇಶಗಳ ಅಧ್ಯಯನ ನೋಡಿದರೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಂದಿ ಐದು ವರ್ಷ ಮುಗಿಸುವುದಿಲ್ಲ, ನಡುವೆ ಬಿಟ್ಟುಬಿಡುತ್ತಾರೆ. ಬಿಡುವುದು ಸೋಮಾರಿತನಕ್ಕಲ್ಲ. ಚಳಿಗಾಲದ ರಾತ್ರಿಯಲ್ಲಿ ಮೈಯೆಲ್ಲ ಬಿಸಿಯಾಗಿ, ಬೆವರು ಕಿತ್ತು, ಹೊದಿಕೆ ಒದ್ದು ಏಳಬೇಕು. ಪಕ್ಕದಲ್ಲಿ ಮಲಗಿದವರಿಗೆ ಅರ್ಥವಾಗುವುದಿಲ್ಲ. ಲೆಟ್ರೊಜೋಲ್ ತೆಗೆದುಕೊಳ್ಳುವವರಿಗೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ. ನನ್ನ ಹತ್ತಿರ ಬರುವ ಒಬ್ಬರು ಹೇಳಿದರು, "ಡಾಕ್ಟ್ರೇ, ಬಟ್ಟೆ ಹಿಂಡೋಕೆ ಆಗ್ತಿಲ್ಲ, ಸೊಸೆ ಹತ್ರ ಹೇಳೋಕೆ ನಾಚಿಕೆ. ಅದಕ್ಕೇ ಬಿಟ್ಟೆ." ಯೋನಿ ಒಣಗುವುದು, ಗಂಡನ ಜೊತೆ ಸೇರುವಾಗ ನೋವು, ಇದನ್ನಂತೂ ಯಾರೂ ಬಾಯಿ ಬಿಡುವುದಿಲ್ಲ, ವೈದ್ಯರೂ ಕೇಳುವುದಿಲ್ಲ.

ಇವಕ್ಕೆಲ್ಲ ಏನಾದರೂ ಮಾಡಬಹುದು. ಕೀಲುನೋವಿಗೆ ದಿನಾ ನಡೆಯುವುದು, ಸ್ವಲ್ಪ ಭಾರ ಎತ್ತುವ ವ್ಯಾಯಾಮ ನಿಜವಾಗಿಯೂ ಸಹಾಯ ಮಾಡುತ್ತದೆ. ಒಂದು ಮಾತ್ರೆ ಒಗ್ಗದಿದ್ದರೆ ಅದೇ ಗುಂಪಿನ ಇನ್ನೊಂದಕ್ಕೆ ಬದಲಿಸಬಹುದು, ಇಲ್ಲವೇ ಟ್ಯಾಮಾಕ್ಸಿಫೆನ್‌ಗೆ ಹೋಗಬಹುದು. ಮೂಳೆಗೆ ಮೊದಲೇ ಅದರ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತಾರೆ, ಬೇಕಿದ್ದರೆ ಮೂಳೆ ಗಟ್ಟಿ ಮಾಡುವ ಇಂಜೆಕ್ಷನ್ನೂ ಇದೆ. ಬಿಸಿ ಏರುವುದಕ್ಕೆ ಔಷಧಿ ಇದೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನೇ ಇದಕ್ಕೂ ಕೊಡುತ್ತಾರೆ. ಆದರೆ ಇಲ್ಲೊಂದು ಸೂಕ್ಷ್ಮ. ಟ್ಯಾಮಾಕ್ಸಿಫೆನ್ ಹೊಟ್ಟೆಗೆ ಹೋದ ಮೇಲೆ ಲಿವರಿನಲ್ಲಿ ಎಂಡಾಕ್ಸಿಫೆನ್ ಎಂಬ ಹೆಚ್ಚು ಬಲದ ರೂಪಕ್ಕೆ ಬದಲಾಗಬೇಕು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುಯೊಕ್ಸೆಟಿನ್ ಥರದ ಮಾತ್ರೆಗಳು ಆ ಬದಲಾವಣೆಗೆ ಅಡ್ಡಿ ಮಾಡುತ್ತವೆ. ಅವುಗಳ ಬದಲು ವೆನ್ಲಾಫ್ಯಾಕ್ಸಿನ್ ಥರದ್ದು ಕೊಡಬಹುದು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರೇ ಆಗಲಿ, ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳಿ.

ಎರಡು ವಿಷಯಕ್ಕೆ ಮಾತ್ರ ಕಾಯಬೇಡಿ. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವಾಗ, ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ ಅಂದೇ ಫೋನ್ ಮಾಡಿ. ಒಂದು ಕಾಲು ಮಾತ್ರ ಊದಿಕೊಂಡು ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ತಕ್ಷಣ ಆಸ್ಪತ್ರೆಗೆ ಓಡಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಅಪರೂಪ, ಆದರೆ ಬಂದರೆ ಜೀವಕ್ಕೆ ಅಪಾಯ.

ಈಗ ಇನ್ನೊಂದು ಪ್ರಶ್ನೆ. ಕಾಯಿಲೆಯೇ ಬಾರದವರು ಇದನ್ನು ನುಂಗಿದರೆ? ಟ್ಯಾಮಾಕ್ಸಿಫೆನ್ ತೆಗೆದುಕೊಂಡವರ ಇನ್ನೊಂದು ಸ್ತನದಲ್ಲೂ ಹೊಸ ಕ್ಯಾನ್ಸರ್ ಕಡಿಮೆಯಾಗುತ್ತಿದ್ದದ್ದು ಕಂಡ ಮೇಲೆ ಈ ಯೋಚನೆ ಗಟ್ಟಿಯಾಯಿತು. ಅಮೆರಿಕದಲ್ಲಿ 1992ರಿಂದ ಬರ್ನಾರ್ಡ್ ಫಿಶರ್ ಎಂಬ ಸರ್ಜನ್ನರ ತಂಡ ದೊಡ್ಡ ಅಧ್ಯಯನ ನಡೆಸಿತು. 13 ಸಾವಿರಕ್ಕೂ ಹೆಚ್ಚು ಆರೋಗ್ಯವಂತ ಹೆಂಗಸರು. ಆದರೆ ಅಪಾಯ ಜಾಸ್ತಿ ಇದ್ದವರು, 60 ದಾಟಿದವರು ಅಥವಾ ಮನೆಯಲ್ಲಿ ಕಾಯಿಲೆ ಇದ್ದವರು, ಇಂಥವರು. ಅರ್ಧ ಜನಕ್ಕೆ ಟ್ಯಾಮಾಕ್ಸಿಫೆನ್, ಅರ್ಧ ಜನಕ್ಕೆ ಔಷಧಿಯಿಲ್ಲದ ಖಾಲಿ ಮಾತ್ರೆ. 1998ರಲ್ಲಿ ಫಲಿತಾಂಶ ಬಂದಾಗ ಪತ್ರಿಕೆಗಳ ಮುಖಪುಟದಲ್ಲಿ "ಕ್ಯಾನ್ಸರ್ ಅರ್ಧಕ್ಕೆ ಇಳಿಕೆ" ಎಂದು ಬಂತು. ನಿಜ, ಇಳಿಕೆ 49 ಪರ್ಸೆಂಟ್.

ಆದರೆ ಅದೇ ಲೆಕ್ಕವನ್ನು ಬೇರೆ ಥರ ಹೇಳುತ್ತೇನೆ, ಕೇಳಿ. ಖಾಲಿ ಮಾತ್ರೆ ತೆಗೆದುಕೊಂಡ ಸಾವಿರ ಮಂದಿಯಲ್ಲಿ ಸುಮಾರು 43 ಜನಕ್ಕೆ ಕ್ಯಾನ್ಸರ್ ಬಂತು. ಟ್ಯಾಮಾಕ್ಸಿಫೆನ್ ತೆಗೆದುಕೊಂಡ ಸಾವಿರದಲ್ಲಿ 22 ಜನಕ್ಕೆ. ಅಂದರೆ ಸಾವಿರ ಜನ ವರ್ಷಗಟ್ಟಲೆ ಮಾತ್ರೆ ನುಂಗಿ 21 ಜನಕ್ಕೆ ಲಾಭ. ಉಳಿದ 979 ಮಂದಿಗೆ ಮಾತ್ರೆಯಿಂದ ಆ ಲಾಭ ಆಗಲಿಲ್ಲ, ಬಿಸಿ ಏರುವುದು, ಬಿಳಿಸೆರಗು ಮಾತ್ರ ಹಲವರಿಗೆ ಆಯಿತು. ಇಡೀ ಅಧ್ಯಯನದಲ್ಲಿ ಗರ್ಭಕೋಶದ ಕ್ಯಾನ್ಸರ್ ಖಾಲಿ ಮಾತ್ರೆಯ ಗುಂಪಿನಲ್ಲಿ 15, ಟ್ಯಾಮಾಕ್ಸಿಫೆನ್ ಗುಂಪಿನಲ್ಲಿ 36. ಅದೂ ಹೆಚ್ಚಾಗಿ 50 ದಾಟಿದವರಲ್ಲಿ. ಶ್ವಾಸಕೋಶಕ್ಕೆ ಹೆಪ್ಪು ಹೋಗುವುದೂ ಜಾಸ್ತಿಯಾಯಿತು. ಕಡಿಮೆಯಾದದ್ದು ಇಆರ್ ಪಾಸಿಟಿವ್ ಕ್ಯಾನ್ಸರ್ ಮಾತ್ರ. ಬ್ರಿಟನ್ನಿನಲ್ಲಿ ಇಂಥದೇ ಅಧ್ಯಯನವನ್ನು ಇಪ್ಪತ್ತು ವರ್ಷ ಬೆನ್ನು ಹತ್ತಿ ನೋಡಿದಾಗ ತಡೆಯುವ ಶಕ್ತಿ ಅಷ್ಟು ಕಾಲ ಉಳಿಯುತ್ತದೆ ಎಂದು ಗೊತ್ತಾಯಿತು. ಆದರೆ ಅದರಿಂದ ಸಾವು ಕಡಿಮೆಯಾದದ್ದು ಇನ್ನೂ ಕಂಡಿಲ್ಲ.

ಆಮೇಲೆ ಬೇರೆ ಮಾತ್ರೆಗಳೂ ಬಂದವು. ಮೂಳೆ ಸವೆತಕ್ಕೆ ಕೊಡುತ್ತಿದ್ದ ರಾಲಾಕ್ಸಿಫೆನ್ ಗರ್ಭಕೋಶಕ್ಕೆ ಅಷ್ಟು ತೊಂದರೆ ಮಾಡದೆ ಸ್ತನ ಕ್ಯಾನ್ಸರನ್ನೂ ತಡೆಯುತ್ತದೆ ಎಂದು ತಿಳಿಯಿತು. ಮುಟ್ಟು ನಿಂತವರಲ್ಲಿ ಅನಾಸ್ಟ್ರೊಜೋಲ್ ಅರ್ಧಕ್ಕಿಂತ ಹೆಚ್ಚು ಕಡಿಮೆ ಮಾಡಿತು, 2023ರಲ್ಲಿ ಬ್ರಿಟನ್ ಅದಕ್ಕೆ ತಡೆಗಟ್ಟುವ ಔಷಧಿಯಾಗಿ ಅನುಮತಿ ಕೊಟ್ಟಿತು. ಇಟಲಿಯ ವೈದ್ಯರು ದಿನಕ್ಕೆ 20 ಮಿಲಿಗ್ರಾಂ ಬದಲು ಬರೀ 5 ಮಿಲಿಗ್ರಾಂ ಟ್ಯಾಮಾಕ್ಸಿಫೆನ್ ಮೂರು ವರ್ಷ ಕೊಟ್ಟು, ಕ್ಯಾನ್ಸರ್ ಆಗುವ ಮುಂಚಿನ ಹಂತದ ಗಡ್ಡೆ ಇದ್ದವರಲ್ಲಿ ಒಳ್ಳೆಯ ಫಲ ಕಂಡರು. ಕಾಟ ಬಹಳ ಕಡಿಮೆ. ನನಗೆ ಭರವಸೆ ಇರುವುದು ಈ ದಾರಿಯಲ್ಲಿ. ಹಾಗಂತ ಮನೆಯಲ್ಲೇ ಮಾತ್ರೆಯನ್ನು ನಾಲ್ಕು ಚೂರು ಮಾಡಿ ನುಂಗಬೇಡಿ.

ಕಾಯಿಲೆ ಬಂದವರಿಗೆ ನಾನು ಬಿಡಬೇಡಿ ಎಂದು ಗೋಗರೆಯುತ್ತೇನೆ. ಬಾರದವರಿಗೆ ಅವಸರ ಬೇಡ ಎನ್ನುತ್ತೇನೆ. ಅಪಾಯ ಜಾಸ್ತಿ ಇದ್ದಷ್ಟೂ ಮಾತ್ರೆಯ ಲಾಭ ಜಾಸ್ತಿ. ಅಪಾಯ ಕಡಿಮೆ ಇರುವವರಿಗೆ ಲಾಭ ಕಡಿಮೆ, ಕಾಟ ಮಾತ್ರ ಅಷ್ಟೇ. ನಮ್ಮ ದೇಶದ ಸಾಮಾನ್ಯ ಹೆಂಗಸಿಗೆ ಈ ಕಾಯಿಲೆ ಬರುವ ಸಾಧ್ಯತೆ ಅಮೆರಿಕದ ಹೆಂಗಸಿಗಿಂತ ಕಡಿಮೆ. ಬಯಾಪ್ಸಿಯಲ್ಲಿ ಅಸಹಜ ಜೀವಕೋಶ ಕಂಡವರು, ಹತ್ತಿರದ ಸಂಬಂಧಿಗಳಲ್ಲಿ ಹಲವರಿಗೆ ಬಂದಿರುವವರು, ಇಂಥವರು ಕೂತು ಲೆಕ್ಕ ಹಾಕಿ ತೀರ್ಮಾನ ಮಾಡಬೇಕು. ಮುಂದುವರಿದ ದೇಶಗಳಲ್ಲೇ, ಅಪಾಯ ಇದೆ ಎಂದು ಹೇಳಿ ಈ ಮಾತ್ರೆ ಕೊಡಲು ಹೋದರೆ ಸುಮಾರು ಆರರಲ್ಲಿ ಒಬ್ಬರಷ್ಟೇ ಒಪ್ಪುತ್ತಾರೆ. ಅವರನ್ನು ದಡ್ಡರು ಎನ್ನಲು ನಾನು ತಯಾರಿಲ್ಲ. ಲೆಕ್ಕ ಕೇಳಿ ಬೇಡ ಎನ್ನುವುದೂ ಒಂದು ತೀರ್ಮಾನವೇ ಅಲ್ವಾ?

ಸಭೆಯಲ್ಲಿ ಬಂದ ಪ್ರಶ್ನೆಗಳು

ನಮ್ಮ ಅಕ್ಕನಿಗೆ ಕ್ಯಾನ್ಸರ್ ಆಗಿತ್ತು. ನಾನೂ ಮಾತ್ರೆ ಶುರು ಮಾಡಬೇಕಾ?

ಮೊದಲು ಅಕ್ಕನಿಗೆ ಯಾವ ವಯಸ್ಸಿನಲ್ಲಿ ಬಂತು, ಇನ್ನು ಯಾರಿಗೆ ಬಂದಿತ್ತು ಎಂದು ಬರೆದುಕೊಳ್ಳಿ, ತಂದೆಯ ಕಡೆಯವರನ್ನೂ ಸೇರಿಸಿ. ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಮನೆಯಲ್ಲಿ ಅಂಡಾಶಯದ ಕ್ಯಾನ್ಸರೂ ಇದ್ದರೆ, ಅಕ್ಕನಿಗೆ ಬಿಆರ್‌ಸಿಎ (ವಂಶದಲ್ಲಿ ಹರಿದುಬರುವ, ಈ ಎರಡೂ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಜೀನ್ ದೋಷ ಇದೆಯಾ ಎಂದು ನೋಡುವ) ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬಿಆರ್‌ಸಿಎ-1 ದೋಷ ಇರುವವರಿಗೆ ಬರುವುದು ಹೆಚ್ಚಾಗಿ ಟ್ರಿಪಲ್ ನೆಗೆಟಿವ್, ಅಂಥವರಿಗೆ ಈ ಮಾತ್ರೆಯ ಮೇಲೆ ಭರವಸೆ ಇಡುವ ಹಾಗಿಲ್ಲ. ನಿಮಗೆ ಈಗಿಂದಲೇ ಬೇಕಾದದ್ದು ವರ್ಷಕ್ಕೊಮ್ಮೆ ತಪಾಸಣೆ.

ನನಗೆ 31. ಚಿಕಿತ್ಸೆ ಮುಗಿದು ಎರಡು ವರ್ಷ ಆಗಿದೆ, ಮಾತ್ರೆ ನಡೆಯುತ್ತಿದೆ. ಮಗು ಆಗೋದೇ ಇಲ್ವಾ?

ಆಗಬಹುದು. ಆದರೆ ಮಾತ್ರೆ ನುಂಗುತ್ತಿರುವಾಗ ಗರ್ಭ ನಿಲ್ಲಬಾರದು, ಮಗುವಿಗೆ ಅಪಾಯ. ಮುಟ್ಟು ಸರಿಯಾಗಿ ಆಗದಿದ್ದರೂ ಗರ್ಭ ನಿಲ್ಲಬಹುದು, ಕಾಪರ್-ಟಿಯಂಥ ಹಾರ್ಮೋನ್ ಇಲ್ಲದ ವಿಧಾನ ಬಳಸಿ. ಪಾಸಿಟಿವ್ ಎಂಬ ಅಧ್ಯಯನದಲ್ಲಿ, ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ತೆಗೆದುಕೊಂಡ ಯುವತಿಯರು ಎರಡು ವರ್ಷದವರೆಗೆ ನಿಲ್ಲಿಸಿ, ಮಗು ಹೆತ್ತು ಮತ್ತೆ ಶುರು ಮಾಡಿದರು. ಮೂರು ವರ್ಷದ ಲೆಕ್ಕದಲ್ಲಿ ಅವರಲ್ಲಿ ರೋಗ ಮರಳುವುದು ಜಾಸ್ತಿಯಾಗಲಿಲ್ಲ. ನಿಮ್ಮ ರಿಪೋರ್ಟ್ ನೋಡದೆ ನಾನು ಹೂಂ ಎನ್ನಲಾರೆ. ನೀವಾಗಿ ನಿಲ್ಲಿಸಬೇಡಿ, ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ.

ಸೋಯಾ ತಿನ್ನಬಾರದು ಅಂತಾರೆ?

ಊಟದಲ್ಲಿ ಬರುವಷ್ಟು ಸೋಯಾದಿಂದ ತೊಂದರೆ ಇಲ್ಲ. ಡಬ್ಬಿಯಲ್ಲಿ ಮಾರುವ ಸೋಯಾ ಸಾರದ ಮಾತ್ರೆ, ಪುಡಿ ಬೇಡ. ಬಿಸಿ ಏರುವುದಕ್ಕೆ ಎಂದು ಮೊಬೈಲಿನಲ್ಲಿ ಬರುವ "ಹೆಣ್ಣುಮಕ್ಕಳ ಟಾನಿಕ್"ಗಳೂ ಬೇಡ. ಅವುಗಳೊಳಗೆ ಏನಿದೆ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಒಂದು ದಿನ ಮರೆತುಹೋದರೆ?

ಅದೇ ದಿನ ನೆನಪಾದರೆ ತೆಗೆದುಕೊಳ್ಳಿ. ಮಾರನೇ ದಿನ ನೆನಪಾದರೆ ಒಂದೇ ನುಂಗಿ, ಎರಡು ಬೇಡ. ಬೆಳಿಗ್ಗೆಯೋ ರಾತ್ರಿಯೋ, ನಿಮಗೆ ಅನುಕೂಲವಾದ ಒಂದೇ ಹೊತ್ತು ಇಟ್ಟುಕೊಳ್ಳಿ. ಊರಿಗೆ, ಮದುವೆಗೆ ಹೋಗುವಾಗ ಒಂದು ಸ್ಟ್ರಿಪ್ಪು ಜಾಸ್ತಿ ಬ್ಯಾಗಿನಲ್ಲಿರಲಿ. ಸಣ್ಣ ಊರಿನ ಮೆಡಿಕಲ್ ಶಾಪುಗಳಲ್ಲಿ ಇದು ಯಾವಾಗಲೂ ಸಿಗುವುದಿಲ್ಲ.